ಕನ್ನಡಿ ಬೇರೆ, ಪ್ರತಿ ಬೇರೆ

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸುವ ಸಂಸ್ಥೆಗಳ ಸಮಾರಂಭಗಳಿಗೆ ನೀವು ಹೋಗುವವರಾಗಿದ್ದರೆ ಈ ಮಾತನ್ನು ಕೇಳಿಯೇ ಇರುತ್ತೀರಿ: ‘ನಮ್ಮ ಸಂಗ್ರಹವೆಲ್ಲ ರೇಡ್ 10 ಸರ್ವರ್‌ನಲ್ಲಿದೆ, ಇನ್ನು ಚಿಂತೆಯಿಲ್ಲ.’ ವೇದಿಕೆಯ ಮೇಲಿದ್ದವರು ತಲೆಯಾಡಿಸುತ್ತಾರೆ, ಕೆಳಗಿದ್ದವರು ಚಪ್ಪಾಳೆ ತಟ್ಟುತ್ತಾರೆ. ನಾನು ಕೆಲಸ ಮಾಡುವ ಅಬಿಡ್ಸ್‌ನಿಂದ ಕೋಠಿಯ ಗುಜರಾತಿ ಗಲ್ಲಿಯವರೆಗೆ ನಡೆದರೆ ಕ್ಯಾಮೆರಾ, ಹಾರ್ಡ್ ಡಿಸ್ಕ್ ಮಾರುವವರ ಬಾಯಲ್ಲಿ ಅದೇ ಮಾತು ದಖನಿಯಲ್ಲಿ ಬರುತ್ತದೆ: ‘ರೇಡ್ ಟೆನ್ ಹೈ ಮೇಡಮ್, ಟೆನ್ಶನ್ ನಕ್ಕೊ ಲೋ.’ (ಆ ‘ನಕ್ಕೊ’ ಮರಾಠಿಯಿಂದ ಬಂದು ಇಲ್ಲಿ ಮನೆ ಮಾಡಿದ್ದು. ಅದರಷ್ಟು ಸಮಾಧಾನ ಕೊಡುವ ‘ಬೇಡ’ ನನಗೆ ಬೇರೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ.)

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪೆಟ್ಟಿಗೆ ಮಾರಬೇಕು, ಮಾರುತ್ತಾರೆ. ನನ್ನ ಜಗಳ ಆ ಮಾತನ್ನು ನಂಬಿ, ಟೆಂಡರಿನಲ್ಲಿ ಬರೆದು, ಅಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದು ಕೈ ತೊಳೆದುಕೊಳ್ಳುವ ಕನ್ನಡದ ಸಂಸ್ಥೆಗಳ ಜೊತೆ. ರೇಡ್ 10 ಒಳ್ಳೆಯ ಏರ್ಪಾಡು. ಅದು ಯಂತ್ರ ನಿಲ್ಲದಂತೆ ನೋಡಿಕೊಳ್ಳುತ್ತದೆ. ಪುಸ್ತಕ, ದಾಖಲೆ, ದನಿಮುದ್ರಣಗಳು ಮುಂದಿನ ತಲೆಮಾರಿಗೆ ಉಳಿಯುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದನ್ನು ದುಡ್ಡು ಕೊಟ್ಟು ಕೊಂಡು, ಎರಡನೆಯದನ್ನು ಮಾಡಿದ್ದೇವೆಂದು ಹೇಳಿಕೊಳ್ಳುವ ಚಾಳಿ ನಮ್ಮಲ್ಲಿ ಬೆಳೆದುಬಿಟ್ಟಿದೆ.

ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲು ಸಲ್ಲಿಸಿಬಿಡುತ್ತೇನೆ.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದೊಡ್ಡ ಕಂಪ್ಯೂಟರುಗಳಿಗೆ ಬಳಸುವ ದುಬಾರಿ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕುಗಳನ್ನು ಕೂಡಿಸಿ ಕೆಲಸ ತೆಗೆಯಬಹುದು ಎಂಬುದು ಅವರ ವಾದ. ಒಂದು ತೊಡಕಿತ್ತು: ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳಲ್ಲಿ ಯಾವುದಾದರೂ ಒಂದು ಕೆಡುವ ಸಂಭವವೂ ಹೆಚ್ಚುತ್ತದೆ. ಅದಕ್ಕಾಗಿ ಮಾಹಿತಿಯನ್ನು ಒಂದಿಷ್ಟು ಹೆಚ್ಚುವರಿಯಾಗಿ ಬರೆದಿಡುವ ಬೇರೆ ಬೇರೆ ವಿಧಾನಗಳನ್ನು ಅವರು ವರ್ಗ ಮಾಡಿ ತೋರಿಸಿದರು. ಮುಂದೆ ಬಂದ ಎರಡು ಹೆಸರು ನಮಗೆ ಬೇಕಾದವು, ಪಟ್ಟೆ ಮತ್ತು ಕನ್ನಡಿ.

ಪಟ್ಟೆ ಎಂದರೆ ಇಸ್ಪೀಟೆಲೆ ಹಂಚಿದ ಹಾಗೆ. ಒಂದು ಕಡತವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದನೆಯದು ಈ ಡಿಸ್ಕಿಗೆ, ಎರಡನೆಯದು ಆ ಡಿಸ್ಕಿಗೆ, ಮೂರನೆಯದು ಮತ್ತೆ ಈ ಡಿಸ್ಕಿಗೆ ಎಂದು ಹಂಚುತ್ತಾ ಹೋಗುವುದು. ಎರಡೂ ಏಕಕಾಲಕ್ಕೆ ಓದುವುದರಿಂದ ವೇಗ ಹೆಚ್ಚು. ಆದರೆ ಒಂದು ಡಿಸ್ಕ್ ಹೋದರೆ ಪ್ರತಿ ಕಡತದಲ್ಲೂ ಒಂದು ಬಿಟ್ಟು ಒಂದು ತೂತು. ಬರೀ ಪಟ್ಟೆಗೆ ರೇಡ್ 0 ಎನ್ನುತ್ತಾರೆ. ಆ ಸೊನ್ನೆಯನ್ನು ಅದರ ರಕ್ಷಣೆಗೆ ಸಿಕ್ಕ ಅಂಕವೆಂದೇ ಓದಿಕೊಳ್ಳಬಹುದು. ಕನ್ನಡಿ ಇದಕ್ಕೆ ತಿರುಗುಮುರುಗು. ಬರೆದದ್ದನ್ನೆಲ್ಲ ಎರಡೂ ಡಿಸ್ಕಿಗೆ ಒಂದೇ ಸಲ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಇದು ರೇಡ್ 1.

ಎರಡನ್ನೂ ಕೂಡಿಸುವಾಗ ಯಾವುದು ಮೊದಲು ಎಂಬುದು ಮುಖ್ಯ. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ‘ಮನೆದೇವರು’ ಮತ್ತು ‘ದೇವರಮನೆ’ ಎರಡರಲ್ಲೂ ಇರುವುದು ಅವೇ ಎರಡು ಪದ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ನಾಲ್ಕು ಡಿಸ್ಕು ತೆಗೆದುಕೊಳ್ಳಿ. ಮೊದಲು ಎರಡೆರಡನ್ನು ಕನ್ನಡಿಜೋಡಿ ಮಾಡಿ, ಆ ಜೋಡಿಗಳ ಮೇಲೆ ಪಟ್ಟೆ ಹಂಚಿದರೆ ರೇಡ್ 10. ಇದರಲ್ಲಿ ಒಂದು ಡಿಸ್ಕ್ ಸತ್ತರೆ, ಎಲ್ಲವೂ ಮುಳುಗಬೇಕಾದರೆ ಅದರ ಜೋಡಿಯೇ ಸಾಯಬೇಕು. ಉಳಿದ ಮೂರರಲ್ಲಿ ಅಪಾಯದ ಡಿಸ್ಕ್ ಒಂದೇ. ಮೊದಲು ಎರಡೆರಡರ ಮೇಲೆ ಪಟ್ಟೆ ಹಂಚಿ, ಆಮೇಲೆ ಆ ಎರಡು ಗುಂಪುಗಳನ್ನು ಕನ್ನಡಿ ಮಾಡಿದರೆ ರೇಡ್ 01. ಇಲ್ಲಿ ಒಂದು ಸತ್ತೊಡನೆ ಅದರ ಗುಂಪು ಪೂರ್ತಿ ಕೆಲಸಕ್ಕೆ ಬಾರದಾಗುತ್ತದೆ. ಆಚೆ ಗುಂಪಿನ ಎರಡರಲ್ಲಿ ಯಾವುದು ಹೋದರೂ ಕತೆ ಮುಗಿಯಿತು. ಉಳಿದ ಮೂರರಲ್ಲಿ ಅಪಾಯ ಎರಡು. ಎಂಟು ಡಿಸ್ಕಿಗೆ ಬಂದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ: ರೇಡ್ 10ರಲ್ಲಿ ಏಳರಲ್ಲಿ ಒಂದು, ರೇಡ್ 01ರಲ್ಲಿ ಏಳರಲ್ಲಿ ನಾಲ್ಕು. ದುಡ್ಡು ಅಷ್ಟೇ, ಡಿಸ್ಕು ಅವೇ, ಕೊನೆಗೆ ಸಿಗುವ ಜಾಗವೂ ಅಷ್ಟೇ, ಅರ್ಧ.

ರೇಡ್ 10ರ ಇನ್ನೊಂದು ಗುಣ ಸತ್ತ ಡಿಸ್ಕನ್ನು ಬದಲಿಸುವಾಗ ಕಾಣುತ್ತದೆ. ರೇಡ್ 5 ಎಂಬ ಮಿತವ್ಯಯದ ವಿಧಾನದಲ್ಲಿ ಪೂರ್ತಿ ನಕಲು ಇರುವುದಿಲ್ಲ, ಉಳಿದವುಗಳಿಂದ ಲೆಕ್ಕ ಹಾಕಿ ಕಳೆದದ್ದನ್ನು ಪಡೆಯುವ ಒಂದು ಸಂಕೇತ ಮಾತ್ರ ಇರುತ್ತದೆ. 4 ಟೆರಾಬೈಟಿನ ಐದು ಡಿಸ್ಕುಗಳಲ್ಲಿ ಒಂದು ಹೋದರೆ ಉಳಿದ ನಾಲ್ಕನ್ನೂ, ಅಂದರೆ 16 ಟೆರಾಬೈಟನ್ನು, ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಓದಬೇಕು. ಸಾಧಾರಣ ಡಿಸ್ಕುಗಳ ತಯಾರಕರೇ ಸುಮಾರು 12.5 ಟೆರಾಬೈಟ್ ಓದಿದರೆ ಒಂದು ಕಡೆ ಓದಲಾಗದ ಜಾಗ ಸಿಕ್ಕೀತು ಎಂಬ ಲೆಕ್ಕದಲ್ಲಿ ಭರವಸೆ ಕೊಡುತ್ತಾರೆ. ರೇಡ್ 10ರಲ್ಲಿ ಸತ್ತದ್ದರ ಜೋಡಿಯೊಂದನ್ನು ಓದಿದರೆ ಸಾಕು, 4 ಟೆರಾಬೈಟ್. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಏಳೂವರೆ ಗಂಟೆ. ರಾತ್ರಿ ಹಾಕಿ ಹೋದರೆ ಬೆಳಗ್ಗೆ ಮುಗಿದಿರುತ್ತದೆ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಟಿಕೆಟ್ಟಿನ ಕೌಂಟರು, ನಮ್ಮ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಂಥ ಜಾಗಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಡಿಸ್ಕ್ ಕೆಟ್ಟರೂ ಸಾಲಿನಲ್ಲಿ ನಿಂತವರಿಗೆ ಗೊತ್ತೇ ಆಗಬಾರದು. ಅಂಥಲ್ಲಿ ಇದರಷ್ಟು ಒಳ್ಳೆಯದು ಕಡಿಮೆ.

ಹಾಗಾದರೆ ತಕರಾರು ಏನು? ಅದನ್ನು ಹೇಳಲು ನನ್ನ ಓದಿನ ಕಡೆಗೆ ಒಂದು ಸುತ್ತು ಹೋಗಬೇಕು.

ರೇಡ್‌ನ ಮೊದಲ ಅಕ್ಷರ ‘ರಿಡಂಡೆಂಟ್’. ಕೈಪಿಡಿಗಳನ್ನು ಅನುವಾದಿಸುವವರು ಇದನ್ನು ‘ಅನಗತ್ಯ’ ಎಂದು ಬರೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ. ಭಾಷಾಶಾಸ್ತ್ರದಲ್ಲಿ ಅದು ಅನಗತ್ಯವಲ್ಲ, ಭಾಷೆಯ ಬೆನ್ನೆಲುಬು. ‘ಅವಳು ಬಂದಳು’ ಎನ್ನುವಾಗ ಬಂದದ್ದು ಹೆಂಗಸು, ಒಬ್ಬಳೇ ಎಂಬುದನ್ನು ಕನ್ನಡ ಎರಡು ಸಲ ಹೇಳುತ್ತದೆ. ಅಬಿಡ್ಸ್ ಸರ್ಕಲ್ಲಿನ ಹಾರ್ನಿನ ಗಲಾಟೆಯಲ್ಲಿ ಫೋನಿನ ಆಚೆಗಿರುವವರಿಗೆ ‘ಅವಳು’ ಕೇಳಿಸದಿದ್ದರೂ ‘ಬಂದಳು’ ಕೇಳಿಸಿದರೆ ವಿಷಯ ತಲುಪುತ್ತದೆ. ಇದು ಭಾಷೆಯ ರೇಡ್ 1. ಈಗ ನೋಡಿ: ನಿಜವಾಗಿ ಬಂದದ್ದು ಅವಳ ತಮ್ಮ, ಹೇಳಿದವರು ತಪ್ಪು ತಿಳಿದು ‘ಅವಳು ಬಂದಳು’ ಎಂದರು ಎಂದಿಟ್ಟುಕೊಳ್ಳಿ. ಸರ್ವನಾಮವೂ ಕ್ರಿಯಾಪದವೂ ಚೆನ್ನಾಗಿ ಹೊಂದಿಕೊಂಡಿವೆ, ವ್ಯಾಕರಣದಲ್ಲಿ ಒಂದು ಕುಂದೂ ಇಲ್ಲ, ಸುದ್ದಿ ಮಾತ್ರ ಸುಳ್ಳು. ಎರಡು ಸಲ ಹೇಳುವುದರಿಂದ ಗದ್ದಲವನ್ನು ಗೆಲ್ಲಬಹುದು. ತಪ್ಪನ್ನು ಗೆಲ್ಲಲಾಗದು, ತಪ್ಪೂ ಎರಡು ಸಲವೇ ಹೇಳಿಸಿಕೊಳ್ಳುತ್ತದೆ.

ಕನ್ನಡಿಡಿಸ್ಕ್ ಮಾಡುವುದು ಇದನ್ನೇ. ಅಳಿಸು ಎಂದರೆ ಎರಡರಲ್ಲೂ ಅಳಿಸುತ್ತದೆ. ಹಳೆಯ ಕಡತದ ಮೇಲೆ ಹೊಸದನ್ನು ಬರೆ ಎಂದರೆ ಎರಡರಲ್ಲೂ ಬರೆಯುತ್ತದೆ. ಕಳ್ಳ ತಂತ್ರಾಂಶ ಹೊಕ್ಕು ಎಲ್ಲವನ್ನೂ ಬೀಗ ಹಾಕಿ ಕೀಲಿಗೆ ದುಡ್ಡು ಕೇಳಿದರೆ, ಆ ಬೀಗವನ್ನೂ ಎರಡರಲ್ಲೂ ನಿಷ್ಠೆಯಿಂದ ಹಾಕುತ್ತದೆ.

ಇದು ಕಲ್ಪನೆಯಲ್ಲ. ನಾನು ಕೆಲವು ವರ್ಷ ಅಬಿಡ್ಸ್‌ನ ಒಂದು ಅನುವಾದ ಕಚೇರಿಗೆ ಕೆಲಸ ಮಾಡಿಕೊಟ್ಟಿದ್ದೇನೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯ ಎಷ್ಟೋ ಕುಟುಂಬಗಳ ಜಮೀನಿನ ಹಳೆಯ ಕಾಗದ ಇಂದಿಗೂ ಉರ್ದುವಿನಲ್ಲೇ ಇದೆ. ಕೋರ್ಟಿನಲ್ಲಿ ಅಣ್ಣತಮ್ಮಂದಿರ ದಾವೆ ಬಿದ್ದಾಗ ಸೇತ್ವಾರ್, ಖಾಸ್ರಾ ಪಹಣಿ ಹಿಡಿದುಕೊಂಡು ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ಅವಸರದ ಶಿಕಸ್ತಾ ಬರಹ, ಅರ್ಧ ನುಂಗಿದ ಅಕ್ಷರ, ಉರ್ದು ಲಿಪಿಯಲ್ಲಿ ಬರೆದ ಕನ್ನಡ ಹೊಲದ ಹೆಸರುಗಳು. ಕಚೇರಿಯಲ್ಲಿ ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯ ಮುನ್ಷಿಯೊಬ್ಬರಿದ್ದರು. ಯಾವ ಗೀಟು ಯಾವ ಪದದ ಸಂಕ್ಷೇಪ, ಯಾವ ತಾಲೂಕಿನಲ್ಲಿ ಅದಕ್ಕೆ ಏನರ್ಥ ಎಂದು ಅವರು ಹೇಳುತ್ತಿದ್ದರು, ನಾವು ಮೂರ್ನಾಲ್ಕು ಜನ ಒಂದು ಪದಪಟ್ಟಿಯಲ್ಲಿ ತುಂಬುತ್ತಿದ್ದೆವು. ಯಾವ ನಿಘಂಟಿನಲ್ಲೂ ಇಲ್ಲದ ವಿಷಯ ಅದು. ಪದಪಟ್ಟಿಯೂ, ಮಾಡಿದ ಅನುವಾದಗಳೂ, ಸ್ಕ್ಯಾನ್ ಮಾಡಿದ ಕಾಗದಗಳೂ ನಾಲ್ಕು ಡಿಸ್ಕಿನ ರೇಡ್ 10 ಪೆಟ್ಟಿಗೆಯಲ್ಲಿದ್ದವು. ಬೇರೆ ಪ್ರತಿ ಇಡೋಣ ಎಂದಾಗೆಲ್ಲ ಯಜಮಾನರು ಪೆಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದರು: ‘ಅದರಲ್ಲಿ ಎಲ್ಲಾ ಡಬಲ್ ಇದೆಯಲ್ಲಮ್ಮಾ.’

ಮುನ್ಷಿಗಳು ತೀರಿಕೊಂಡ ಮರುವರ್ಷ ಒಂದು ಸೋಮವಾರ ಯಾವ ಕಡತವೂ ತೆರೆಯಲಿಲ್ಲ. ಎಲ್ಲದರ ಹೆಸರಿನ ಕೊನೆಗೆ ಅರ್ಥವಿಲ್ಲದ ಬಾಲ ಸೇರಿಕೊಂಡಿತ್ತು, ಜೊತೆಗೆ ದುಡ್ಡು ಕೇಳುವ ಒಂದು ಚೀಟಿ. ಪೆಟ್ಟಿಗೆ ಕೊಟ್ಟಿದ್ದವರು ಬಂದು ಪರೀಕ್ಷೆ ಮಾಡಿ, ಡಿಸ್ಕ್ ನಾಲ್ಕೂ ಚೆನ್ನಾಗಿವೆ ಎಂದರು. ಚೆನ್ನಾಗಿಯೇ ಇದ್ದವು. ನಾಲ್ಕೂ ಹಸಿರು ದೀಪ ಉರಿಯುತ್ತಿತ್ತು. ಯಂತ್ರ ತಾನು ಒಪ್ಪಿಕೊಂಡ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಒಂದಿಷ್ಟು ಉಳಿಯಿತು. ಯಾವುದು ಗೊತ್ತೇ? ಅನುವಾದಕರು ಆಗಾಗ ಮೇಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದ ಪದಪಟ್ಟಿಯ ಹಳೆಯ ತುಣುಕುಗಳು. ಅವ್ಯವಸ್ಥೆಯೆಂದು ಬೈಸಿಕೊಳ್ಳುತ್ತಿದ್ದ ಅಭ್ಯಾಸವದು. ಅವನ್ನೆಲ್ಲ ಜೋಡಿಸಿದಾಗ ಮೂರರಲ್ಲಿ ಒಂದು ಪಾಲಿನಷ್ಟು ಸಿಕ್ಕಿತು. ಉಳಿದ ಗೀಟುಗಳ ಅರ್ಥ ಕೇಳಲು ಮುನ್ಷಿಗಳಿಲ್ಲ. ಈಗ ಅಂಥ ಪದ ಎದುರಾದರೆ ‘ಅಸ್ಪಷ್ಟ’ ಎಂದು ಆವರಣದಲ್ಲಿ ಬರೆಯುತ್ತೇನೆ. ಆ ಅಸ್ಪಷ್ಟದ ಮೇಲೆ ಒಬ್ಬರ ಎರಡೆಕರೆ ನಿಂತಿರುತ್ತದೆ.

ಯಂತ್ರದ ಹೆಸರಿಗೇ ಮರಳುತ್ತೇನೆ, ಅಲ್ಲೊಂದು ಜಾಣತನ ನಡೆದಿದೆ. 1988ರ ಪ್ರಬಂಧದಲ್ಲಿ ‘ಐ’ ಅಕ್ಷರ ಇನ್‌ಎಕ್ಸ್‌ಪೆನ್ಸಿವ್, ಅಂದರೆ ಅಗ್ಗದ, ಎಂಬುದಕ್ಕಿತ್ತು. ಪೆಟ್ಟಿಗೆ ಮಾರುವ ಉದ್ಯಮಕ್ಕೆ ‘ಅಗ್ಗ’ ಹಿಡಿಸಲಿಲ್ಲವೋ ಏನೋ, ಬರಬರುತ್ತಾ ಅದು ಇಂಡಿಪೆಂಡೆಂಟ್ ಆಯಿತು. ಸ್ವತಂತ್ರ ಡಿಸ್ಕುಗಳು! ಒಂದೇ ಕಾರ್ಖಾನೆಯ ಒಂದೇ ಕಂತಿನಲ್ಲಿ ತಯಾರಾಗಿ, ಒಂದೇ ದಿನ ಪೆಟ್ಟಿಗೆ ಸೇರಿ, ಒಂದೇ ತಂತಿಯ ಕರೆಂಟು ಕುಡಿದು, ಹೈದರಾಬಾದಿನ ಮೇ ತಿಂಗಳ ಒಂದೇ ಸೆಕೆಯಲ್ಲಿ ಬೇಯುವ ನಾಲ್ಕು ಡಿಸ್ಕುಗಳು ಯಾವ ಅರ್ಥದಲ್ಲಿ ಸ್ವತಂತ್ರ? ಆ ಪ್ರಬಂಧ ಬರೆದ ಮೂವರಲ್ಲಿ ಒಬ್ಬರಾದ ಗಿಬ್ಸನ್ ಅವರೇ 2007ರಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಸೇರಿ, ಬಳಕೆಯಲ್ಲಿದ್ದ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ನೋಡಿದರು. ತಯಾರಕರ ಕಾಗದ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ ಕೆಡುತ್ತವೆ ಎನ್ನುತ್ತಿದ್ದರೆ, ಎರಡರಿಂದ ನಾಲ್ಕರಷ್ಟನ್ನು ಬದಲಿಸಬೇಕಾಗಿ ಬರುವುದು ಸಾಮಾನ್ಯವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಕೆಟ್ಟ ಮೇಲೆ ಇನ್ನೊಂದು ಕೆಡುವುದು ಬಿಡಿ ಘಟನೆಯಲ್ಲ, ಅವು ಗುಂಪುಗೂಡಿ ಬರುತ್ತವೆ ಎಂದು ಕಂಡಿತು. ಏಳರಲ್ಲಿ ಒಂದು, ಮೂರರಲ್ಲಿ ಒಂದು ಎಂದು ನಾನು ಮೇಲೆ ಕೊಟ್ಟ ಚೆಂದದ ಲೆಕ್ಕ ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸಾಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ಇನ್ನೊಂದು ವಿಷಯ ಹಳಗನ್ನಡ ಓದಿದವರಿಗೆ ಕೂಡಲೇ ಹೊಳೆಯುತ್ತದೆ. ಗ್ರಂಥ ಸಂಪಾದಕರ ಕೈಗೆ ಎರಡೇ ಓಲೆಪ್ರತಿ ಸಿಕ್ಕಿ, ಒಂದು ಪದದಲ್ಲಿ ಪಾಠಾಂತರವಿದ್ದರೆ ಯಾವುದು ಕವಿಯ ಪಾಠ? ಪ್ರತಿಯ ಎಣಿಕೆಯಿಂದ ತೀರ್ಮಾನವಾಗದು. ಕನ್ನಡಿಜೋಡಿಯ ಎರಡು ಡಿಸ್ಕುಗಳು ಸದ್ದಿಲ್ಲದೆ ಬೇರೆ ಬೇರೆ ಹೇಳತೊಡಗಿದಾಗ ಸಾಮಾನ್ಯ ರೇಡ್‌ಗೂ ಇದೇ ಪಾಡು. ಪ್ರತಿ ತುಣುಕಿನ ತಾಳೆಸಂಖ್ಯೆಯನ್ನು ಬೇರೆಯಾಗಿ ಬರೆದಿಟ್ಟು ಓದುವಾಗೆಲ್ಲ ಪರೀಕ್ಷಿಸುವ ಜೆಡ್‌ಎಫ್‌ಎಸ್‌ನಂಥ ವ್ಯವಸ್ಥೆಗಳಿವೆ. ನಮ್ಮ ಟೆಂಡರುಗಳಲ್ಲಿ ಆ ಮಾತು ಬಂದದ್ದನ್ನು ನಾನು ನೋಡಿಲ್ಲ.

ಇನ್ನು ಊರಿಗೇ ಬರುವ ಆಪತ್ತು. ಮೂಸಿ ನದಿ 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಸಾವಿರಾರು ಜನರನ್ನು, ಬೀದಿಬೀದಿಗಳನ್ನು ಕೊಚ್ಚಿಕೊಂಡು ಹೋಯಿತು. 1891ರಲ್ಲಿ ಅಬಿಡ್ಸ್‌ನಲ್ಲಿ ಶುರುವಾದ ಆಸಫಿಯಾ ಗ್ರಂಥಾಲಯ 1936ರಲ್ಲಿ ಅದೇ ಮೂಸಿಯ ದಂಡೆಗೆ, ಅಫ್ಜಲ್‌ಗಂಜಿನ ಭವ್ಯ ಕಟ್ಟಡಕ್ಕೆ ಹೋಯಿತು. ನದಿಗೆ ಮೇಲ್ಗಡೆ ಕೆರೆಗಳನ್ನು ಕಟ್ಟಿ ಕಡಿವಾಣ ಹಾಕಿದ್ದೇವೆ ಎಂಬ ಧೈರ್ಯ ಆಗ ಇತ್ತು. 2020ರ ಅಕ್ಟೋಬರಿನ ಮಳೆಯಲ್ಲಿ ನೆಲಮಹಡಿಗೆ ನೀರು ನುಗ್ಗಿದ್ದನ್ನು ಕಂಡವರು ಆ ಧೈರ್ಯವನ್ನು ಸ್ವಲ್ಪ ಇಳಿಸಿಕೊಂಡಿರುತ್ತಾರೆ. ಒಂದೇ ಪೆಟ್ಟಿಗೆಯ ಎಂಟು ಕನ್ನಡಿಗಳೂ ನೀರಿನಲ್ಲಿ ಒಟ್ಟಿಗೇ ಮುಳುಗುತ್ತವೆ. ದೊಡ್ಡವರಿಗೂ ಇದರಿಂದ ವಿನಾಯಿತಿಯಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಅಲ್ಲಿನ ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಹೋಯಿತು. ಬೇರೆ ಊರಿನಲ್ಲಿ ಅದರ ಪ್ರತಿ ಇರಲಿಲ್ಲ. ಪ್ರತಿ ಇಡಲಾಗದಷ್ಟು ದೊಡ್ಡದು ಎಂಬುದು ಕಾರಣವಾಗಿತ್ತು.

ಆದರೆ ನೀರು, ಬೆಂಕಿಗಿಂತ ಕನ್ನಡಕ್ಕೆ ಹತ್ತಿರದ ಪಾಠ ಬೇರೆಯಿದೆ, ಅದರ ಒಂದು ಕೊನೆ ಇದೇ ಹೈದರಾಬಾದಿನಲ್ಲಿದೆ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ಈ ಪತ್ರದ ಓದುಗರಲ್ಲಿ ಹಲವರು ಬಳಸಿದ್ದೀರಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರ ಹತ್ತು ಲಕ್ಷ ಪುಸ್ತಕಗಳ ಕನಸಿನ ಭಾರತದ ಕವಲು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಐಐಐಟಿ ಅದರ ದೊಡ್ಡ ಕೇಂದ್ರಗಳಾಗಿದ್ದವು. ಸ್ಕ್ಯಾನು ಎಷ್ಟೋ ಕಡೆ ಸೊಟ್ಟ, ಪುಟ ಬಿಟ್ಟುಹೋದದ್ದುಂಟು, ರೋಮನ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳನ್ನು ಓದಿ ನಕ್ಕದ್ದೂ ಉಂಟು. ಆದರೂ ಎಲ್ಲೂ ಸಿಗದ ಕನ್ನಡ ಪುಸ್ತಕಗಳು ಅಲ್ಲಿ ಸಿಗುತ್ತಿದ್ದವು. ಅದರ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ಹುಡುಕಲು ಓಂಶಿವಪ್ರಕಾಶ್ ಮತ್ತು ಸಂಚಯ ತಂಡದವರು ‘ಪುಸ್ತಕ ಸಂಚಯ’ ಮಾಡಿದರು. ಆಮೇಲೆ 2017ರ ಹೊತ್ತಿಗೆ ಡಿಜಿಟಲ್ ಲೈಬ್ರರಿಯ ತಾಣ ಕೃತಿಸ್ವಾಮ್ಯದ ತಕರಾರಿನ ಹೆಸರಿನಲ್ಲಿ ಓದುಗರಿಗೆ ಮುಚ್ಚಿತು. ಹಳೆಯ ಕೊಂಡಿಗಳೆಲ್ಲ ಸತ್ತವು. ಡಿಸ್ಕ್ ಕೆಟ್ಟು ಆದದ್ದಲ್ಲ ಇದು. ಒಂದು ಯೋಜನೆಯ ಸರ್ವರುಗಳು ಎಷ್ಟು ಊರಿನಲ್ಲಿದ್ದರೂ ಅವುಗಳ ಬಾಗಿಲು ಒಂದೇ ತೀರ್ಮಾನಕ್ಕೆ ಮುಚ್ಚಿಕೊಳ್ಳುತ್ತವೆ. ಪೆಟ್ಟಿಗೆಯೊಳಗಿನ ಕನ್ನಡಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಆಜ್ಞೆಗೆ ಅಳಿಯಬಲ್ಲ ಪ್ರತಿಗಳು ಎಷ್ಟೇ ಇದ್ದರೂ, ಎಣಿಸುವಾಗ ಅವನ್ನು ಒಂದೆಂದೇ ಎಣಿಸಬೇಕು.

ಆ ಪುಸ್ತಕಗಳನ್ನು ನಾವಿಂದು ಓದುತ್ತಿರುವುದು ಕಾರ್ಲ್ ಮಲಾಮುಡ್ ಎಂಬ ಹೊರಗಿನವರೊಬ್ಬರಿಂದ. ಅವರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ನಕಲು ಮಾಡಿಕೊಂಡು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದರು. ಯೋಜನೆಯ ಆಡಳಿತಕ್ಕೆ ಒಳಪಡದ ಒಬ್ಬರು, ಬೇರೆ ದೇಶದಲ್ಲಿ, ಬೇರೆ ಯಂತ್ರದಲ್ಲಿ ಇಟ್ಟ ಪ್ರತಿ. ಅದು ಪ್ರತಿ ಎಂಬ ಪದಕ್ಕೆ ತಕ್ಕದ್ದು. ಆದರೆ ಅದನ್ನೇ ನೆಚ್ಚಿ ಕೂತಿರುವ ನಮ್ಮ ಸ್ಥಿತಿ ನೋಡಿ. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ದಾಳಿಯಾಗಿ ಅದು ದಿನಗಟ್ಟಲೆ ತೆರೆಯಲಿಲ್ಲ. ಆ ವಾರ ನನ್ನ ವಾಟ್ಸಾಪಿನ ಸಂಶೋಧಕರ ಗುಂಪುಗಳಲ್ಲಿ ಎದ್ದ ಗಾಬರಿ ಒಂದು ಸತ್ಯ ಹೇಳಿತು: ಅಷ್ಟೂ ಕನ್ನಡ ಪುಸ್ತಕಗಳ ಇನ್ನೊಂದು ಪೂರ್ಣ ಪ್ರತಿ ಎಲ್ಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮಗಿಂತ ಸಾವಿರ ವರ್ಷ ಹಿಂದಿನವರಿಗೆ ಇದು ಗೊತ್ತಿತ್ತು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿ ಹಂಚಿದಳು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಸಾವಿರ ಎಂಬುದು ಎಣಿಸಿದ ಲೆಕ್ಕವೋ ಹಿರಿಮೆಯ ಮಾತೋ, ಹಾಗಿರಲಿ. ಗಮನಿಸಬೇಕಾದ ಕ್ರಿಯಾಪದ ‘ಹಂಚಿದಳು’. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳಿಗೆ ಸಾವಿರ ಓಲೆಕಟ್ಟುಗಳನ್ನು ಒಂದೇ ಭಂಡಾರದಲ್ಲಿ ಪೇರಿಸಿಡುವುದು ಕಷ್ಟವಿರಲಿಲ್ಲ. ಪ್ರತಿಗಳು ಬೇರೆ ಬೇರೆ ಕೈಗೆ, ಬೇರೆ ಬೇರೆ ಊರಿಗೆ, ಅವಳ ಮಾತು ನಡೆಯದ ಮನೆಗಳಿಗೂ ಹೋದವು. ‘ಶಾಂತಿಪುರಾಣ’ ಉಳಿದಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಇಲ್ಲ. ಬೇರೆಯವರ ಗ್ರಂಥಗಳಲ್ಲಿ ಉದಾಹರಣೆಯಾಗಿ ಸೇರಿಕೊಂಡ ಕೆಲವು ಪದ್ಯಗಳನ್ನು ಅದರವೆಂದು ವಿದ್ವಾಂಸರು ಗುರುತಿಸಿದ್ದಾರೆ, ಅಷ್ಟೆ. ಒಂದು ಉಳಿದು ಇನ್ನೊಂದು ಅಳಿದದ್ದಕ್ಕೆ ಪ್ರತಿಗಳ ಹಂಚಿಕೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಒಂದು ಜೈನಪುರಾಣ, ಇನ್ನೊಂದು ಲೌಕಿಕ ಕಾವ್ಯವಾಗಿದ್ದಿರಬಹುದು, ಓದುವವರ ಬಳಗವೂ ಬೇರೆ. ಆದರೆ ಅಳಿದ ಕಾವ್ಯದ ಆ ತುಣುಕುಗಳೂ ಉಳಿದದ್ದು ಇನ್ನೊಬ್ಬರ ಪುಸ್ತಕದೊಳಗೆ ಹೊಕ್ಕಿದ್ದರಿಂದಲೇ. ಮುನ್ಷಿಗಳ ಪದಪಟ್ಟಿಯ ಮೂರನೇ ಒಂದು ಪಾಲು ನಮ್ಮ ಮೇಲುಗಳಲ್ಲಿ ಉಳಿದ ಹಾಗೆ.

‘ಕ್ಲೌಡ್ ಇದೆಯಲ್ಲ’ ಎನ್ನುವವರಿಗೆ: ಕ್ಲೌಡ್ ಎಂದರೆ ಇನ್ನೊಬ್ಬರ ಪೆಟ್ಟಿಗೆ, ಬಾಡಿಗೆ ನಿಂತರೆ ಬಾಗಿಲು ಮುಚ್ಚುತ್ತದೆ. ಒಂದು ಪ್ರತಿ ಅಲ್ಲೂ ಇರಲಿ. ‘ನಮ್ಮ ಬಜೆಟ್ಟಿಗೆ ಇದೆಲ್ಲ ಎಟುಕದು’ ಎನ್ನುವವರಿಗೆ ನನ್ನ ಉತ್ತರ ಇನ್ನೂ ಒರಟು. ರೇಡ್ 10ರಲ್ಲಿ ನೀವು ಕೊಂಡ ಜಾಗದ ಅರ್ಧ ಕನ್ನಡಿಗೇ ಹೋಗಿದೆ. ನಿಮ್ಮ ಗ್ರಂಥಾಲಯ ರಾತ್ರಿ ಎರಡು ಗಂಟೆಗೆ ಒಂದು ಡಿಸ್ಕ್ ಕೆಟ್ಟರೆ ಬೆಳಗ್ಗೆ ಹತ್ತರವರೆಗೆ ನಿಂತಿದ್ದರೆ ಯಾರ ಮದುವೆ ನಿಲ್ಲುತ್ತದೆ? ಆ ಕನ್ನಡಿಯ ಡಿಸ್ಕುಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಪೂರ್ತಿ ಸಂಗ್ರಹವನ್ನು ನಕಲು ಮಾಡಿ, ತಂತಿ ಬಿಚ್ಚಿ, ಇನ್ನೊಂದು ಊರಿನ ಇನ್ನೊಂದು ಸಂಸ್ಥೆಯ ಕಪಾಟಿಗೆ ಕಳಿಸಿ. ತಂತಿ ಬಿಚ್ಚಿದ ಡಿಸ್ಕಿಗೆ ಯಾವ ಕಳ್ಳ ತಂತ್ರಾಂಶವೂ ಬೀಗ ಹಾಕಲಾರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಗ್ರಹದ ಒಂದು ಪ್ರತಿ ಮೈಸೂರಿನಲ್ಲಿ, ಮೈಸೂರಿನದು ಧಾರವಾಡದಲ್ಲಿ, ಕಾಸರಗೋಡಿನದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಇರುವುದಕ್ಕೆ ಅಡ್ಡಿ ಏನು? ದುಡ್ಡಲ್ಲ. ‘ನಮ್ಮದು ಅವರ ಕೈಗೆ ಹೋದರೆ’ ಎಂಬ ಹೊಟ್ಟೆಕಿಚ್ಚು. ಸ್ಕ್ಯಾನ್ ಮಾಡಿದ ಪುಸ್ತಕವನ್ನು ನೀರುಗುರುತು ಒತ್ತಿ, ಪಾಸ್‌ವರ್ಡ್ ಹಾಕಿ ಕಾಯುವ ಸಂಸ್ಥೆಗಳನ್ನು ನಾನು ನೋಡಿದ್ದೇನೆ. ಪುಸ್ತಕ ಬರೆದವರು ಸತ್ತು ಎಪ್ಪತ್ತು ವರ್ಷವಾಗಿರುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿದಾಗ ಅಬಿಡ್ಸ್‌ನ ಪುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರಡುತ್ತಾರೆ. ಇಂಗ್ಲಿಷ್, ತೆಲುಗು, ಉರ್ದುವಿನ ನಡುವೆ ಕೆಲವೊಮ್ಮೆ ಕನ್ನಡದ್ದೂ ಒಂದು ಸಿಗುತ್ತದೆ, ಯಾವುದೋ ಶಾಲೆಯ ಮೊಹರು ಒತ್ತಿದ್ದು, ಮುಖಪುಟ ಹೋದದ್ದು. ಆ ಪುಸ್ತಕ ಅಲ್ಲಿಗೆ ಬರಲು ಯಾರ ಅನುಮತಿಯೂ ಬೇಕಾಗಿರಲಿಲ್ಲ. ಮೂಲ ಗ್ರಂಥಾಲಯ ಮುಚ್ಚಿದರೂ ಅದು ಬಂತು. ಅಚ್ಚಿನ ಪುಸ್ತಕಕ್ಕೆ ಹುಟ್ಟಿನಿಂದಲೇ ಇರುವ ಈ ಸೌಭಾಗ್ಯವನ್ನು ನಾವು ಸ್ಕ್ಯಾನ್ ಮಾಡಿ, ಒಂದೇ ಪೆಟ್ಟಿಗೆಯಲ್ಲಿಟ್ಟು, ಕೈಯಾರೆ ಕಿತ್ತುಕೊಳ್ಳುತ್ತಿದ್ದೇವೆ. ಕೆಲವು ಕಡೆ ಸ್ಕ್ಯಾನ್ ಆಯಿತಲ್ಲ ಎಂದು ಅಚ್ಚಿನ ಪ್ರತಿಯನ್ನು ತೂಕಕ್ಕೂ ಹಾಕುತ್ತಾರೆ.

ಹಾಗಾಗಿ ಇನ್ನು ಮುಂದೆ ಕನ್ನಡದ ಯಾವುದೇ ಡಿಜಿಟಲ್ ಯೋಜನೆಗೆ ಸರ್ಕಾರದ ದುಡ್ಡು ಹೋಗುವಾಗ ಟೆಂಡರಿನಲ್ಲಿ ‘ರೇಡ್ 10 ಕಡ್ಡಾಯ’ ಎಂಬ ಸಾಲಿನ ಮೊದಲು ಬೇರೆ ಸಾಲುಗಳು ಬರಬೇಕು. ಎರಡನೇ ಮತ್ತು ಮೂರನೇ ಪ್ರತಿ ಯಾವ ಊರಿನ ಯಾವ ಸಂಸ್ಥೆಯಲ್ಲಿ ಇರುತ್ತದೆ. ಮೊದಲನೆಯದನ್ನು ಅಳಿಸುವ ಅಧಿಕಾರವಿರುವವರಿಗೆ ಅದನ್ನೂ ಅಳಿಸಲು ಬರುತ್ತದೆಯೇ? ಬರುವುದಾದರೆ ಅದನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬಾರದು. ವರ್ಷಕ್ಕೊಮ್ಮೆ ಆ ದೂರದ ಪ್ರತಿಯಿಂದ ಚೀಟಿ ಎತ್ತಿ ನೂರು ಕಡತ ತೆರೆದು, ಪುಟ ಎಣಿಸಿ, ಎಷ್ಟು ತೆರೆಯಲಿಲ್ಲ ಎಂಬ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಆ ಸಂಖ್ಯೆ ಸೊನ್ನೆಯಿರದಿದ್ದರೆ ಬೈಯಬೇಡಿ. ಸಂಖ್ಯೆಯನ್ನೇ ಕೊಡದಿದ್ದರೆ ಬೈಯಿರಿ.

ಸರ್ಕಾರದ ಟೆಂಡರು ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಮೂರಿನ ಕನ್ನಡ ಸಂಘ, ಕಾಲೇಜು, ಮಠ, ಪತ್ರಿಕೆ ಯಾವುದೇ ಇರಲಿ, ಸ್ಕ್ಯಾನ್ ಮಾಡಿಟ್ಟ ಸಂಗ್ರಹವಿದ್ದರೆ ಅದರ ಹೊಣೆ ಹೊತ್ತವರಿಗೆ ಈ ವಾರ ಒಂದು ಫೋನು ಮಾಡಿ. ‘ಸಾರ್, ಈ ಕಟ್ಟಡಕ್ಕೆ ನಾಳೆ ಬೀಗ ಬಿದ್ದರೆ ನಿಮ್ಮ ಪುಸ್ತಕಗಳನ್ನು ನಾನು ಎಲ್ಲಿ ಓದಲಿ?’ ಎಂದು ಕೇಳಿ. ಬಂದ ಉತ್ತರವನ್ನು ಈ ಮೇಲಿಗೇ ಮರುತ್ತರವಾಗಿ ಕಳಿಸಿ, ಊರಿನ ಹೆಸರಿನೊಂದಿಗೆ. ‘ರೇಡ್ ಇದೆ’ ಎಂದಷ್ಟೇ ಹೇಳಿದವರ ಪಟ್ಟಿಯನ್ನು ನಾನು ಬೇರೆಯಾಗಿ ಮಾಡಿಕೊಳ್ಳುತ್ತೇನೆ.